ಉಡಿ ತುಂಬಿಸಿಕೊಂಡು ಹೊರಟ ಗೋಲ್ ಕೀಪರ್

ನನ್ನ ತಂಗಿಯ ಮಗಳು ರೂಪಶ್ರೀ ಐದಡಿ ಹನ್ನೊಂದು ಅಂಗುಲ ಎತ್ತರ. ಇಷ್ಟುದ್ದದ ಹೆಣ್ಣುಮಕ್ಕಳು ನಮ್ಮ ದಾವಣಗೆರೆ, ಹರಿಹರದ ಕಡೆ ಹುಟ್ಟುವುದೇ ಅಪರೂಪ. ಹುಟ್ಟಿದರೂ ಹದಿನಾರು ತುಂಬುವುದರೊಳಗೆ ಬೆನ್ನು ಬಗ್ಗಿಸಿ ನಡೆಯುವುದನ್ನು ಕಲಿತುಬಿಡುತ್ತಾರೆ. ಇವಳು ಕಲಿಯಲಿಲ್ಲ. ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಮದುವೆಮನೆಯಲ್ಲಿ ಯಾರೋ ಹೆಂಗಸು, "ಇವಳಿಗೆ ಗಂಡು ಎಲ್ಲಿಂದ ತರ್ತೀರಿ, ಕರೆಂಟ್ ಕಂಬಕ್ಕೆ ಕಟ್ತೀರೇನು?" ಎಂದು ನಕ್ಕಳು. "ಕಂಬ ಆದ್ರೂ ಅಡ್ಡಿ ಇಲ್ರಿ ಆಂಟಿ, ಮಾತು ಕಮ್ಮಿ ಆಡ್ತೈತೆ," ಎಂದಳು ರೂಪಶ್ರೀ. ಊಟ ಮುಗಿಯುವವರೆಗೂ ಆ ಹೆಂಗಸು ನಮ್ಮ ಪಂಕ್ತಿಯ ಕಡೆ ತಿರುಗಲಿಲ್ಲ.

ಅವಳು ಇಂಡಿಯಾ ಟೀಮಿಗೆ ನೆಟ್‌ಬಾಲ್ ಆಡುತ್ತಾಳೆ ಎಂದರೆ ನಮ್ಮ ಬಜಾರಿನವರು ಮೊದಲು ಕೇಳುವುದು, "ವಾಲಿಬಾಲಾ?" ಅಲ್ಲ ಎಂದರೆ, "ಹಂಗಾರೆ ಬಾಸ್ಕೆಟ್‌ಬಾಲ್." ಅದೂ ಅಲ್ಲ ಎಂದರೆ ಅವರಿಗೆ ಆ ವಿಷಯದಲ್ಲಿ ಆಸಕ್ತಿ ಹೊರಟುಹೋಗುತ್ತದೆ. ನನಗೂ ಮೊದಮೊದಲು ಹಾಗೇ ಇತ್ತು. ಆಮೇಲೆ ಆಶಾ ಟೀಚರ್ ಒಂದು ದಿನ ಕೂರಿಸಿಕೊಂಡು ಹೇಳಿಕೊಟ್ಟರು. ರೂಪಶ್ರೀಗೆ ಹೈಸ್ಕೂಲಿನಲ್ಲಿ ಪಿ.ಟಿ. ಕಲಿಸಿ, ಈ ಆಟಕ್ಕೆ ಹಚ್ಚಿದವರು ಅವರೇ. ಚೆಂಡು ಕೈಗೆ ಬಂದಮೇಲೆ ಅದನ್ನು ಹಿಡಿದುಕೊಂಡು ಓಡುವಂತಿಲ್ಲ. ಮೂರು ಸೆಕೆಂಡಿನೊಳಗೆ ಇನ್ನೊಬ್ಬರಿಗೆ ದಾಟಿಸಬೇಕು. ಎದುರಾಳಿ ಚೆಂಡು ಹಿಡಿದವಳನ್ನು ಮುಟ್ಟುವಂತಿಲ್ಲ, ಮೂರಡಿ ದೂರ ನಿಂತು ಕೈ ಎತ್ತಿ ತಡೆಯಬಹುದು, ಅಷ್ಟೆ. ಭತ್ತದ ವ್ಯಾಪಾರದಲ್ಲಿ ಕೂದಲು ಬೆಳ್ಳಗಾದ ನನಗೆ ಆಟ ಆ ಕ್ಷಣವೇ ಅರ್ಥವಾಯಿತು: ಮಾಲು ಕೈಯಲ್ಲಿ ನಿಲ್ಲಬಾರದು, ಎದುರಂಗಡಿಯವನ ಮೈ ಮುಟ್ಟಬಾರದು, ಆದರೂ ಅವನನ್ನು ಬೆಳೆಯಲು ಬಿಡಬಾರದು.

ರೂಪಶ್ರೀಯದು ಗೋಲ್ ಕೀಪರ್ ಜಾಗ. ಕಂಬದ ತುದಿಯ ಕಬ್ಬಿಣದ ಬಳೆಯೊಳಗೆ ಚೆಂಡು ಹಾಕಿದರೆ ಗೋಲು, ಆದರೆ ಹಾಕುವ ಹಕ್ಕು ಅವಳಿಗಿಲ್ಲ. ಅವಳಪ್ಪ ಬಕ್ಕೇಶನಿಗೆ ಹರಿಹರದಲ್ಲಿ ಬೀಜ, ಗೊಬ್ಬರದ ಅಂಗಡಿ. ಎಲ್ಲವನ್ನೂ ಇಳುವರಿಯಲ್ಲಿ ಅಳೆಯುವ ಮನುಷ್ಯ. ಮಗಳು ಪಂದ್ಯ ಮುಗಿಸಿ ಬಂದಾಗಲೆಲ್ಲ, "ಎಷ್ಟು ಹಾಕ್ದೆ?" ಎನ್ನುತ್ತಿದ್ದ.

"ನಾನು ಹಾಕಲ್ಲಪ್ಪಾಜಿ. ಹಾಕಾಕೆ ಬಿಡಲ್ಲ."

"ಅದರಾಗೇನು ಲಾಭ?"

"ಕಳೆ ಕೀಳೋದ್ರಾಗೆ ಏನು ಲಾಭ ಐತೋ ಅದೇ," ಎಂದಳು ಒಂದು ಸಲ. ಆಮೇಲೆ ಬಕ್ಕೇಶ ಆ ಪ್ರಶ್ನೆ ಕೇಳುವುದನ್ನು ಬಿಟ್ಟ.

ಹುಡುಗಿಯರಿಗೆ ಅಭ್ಯಾಸಕ್ಕೆ ಜಾಗ ಇರಲಿಲ್ಲ. ಸ್ಕೂಲಿನ ಮೈದಾನ ಗಂಡುಹುಡುಗರ ಕ್ರಿಕೆಟ್ಟಿಗೆ ಮೀಸಲು. ಮಲೆಬೆನ್ನೂರು ರಸ್ತೆಯಲ್ಲಿ ನನ್ನ ರೈಸ್‌ಮಿಲ್ ಇದೆ, ಅದರ ಹಿಂದೆ ಭತ್ತ ಒಣಗಿಸುವ ದೊಡ್ಡ ಸಿಮೆಂಟ್ ಕಣ. ಸುಗ್ಗಿ ಬಿಟ್ಟು ಉಳಿದ ದಿನ ಅಲ್ಲಿ ಪಾರಿವಾಳಗಳದ್ದೇ ದರಬಾರು. ಆಶಾ ಟೀಚರ್ ಅದನ್ನು ನೋಡಿದವರೇ ಕೇಳಿದರು. ನಾನು ಒಪ್ಪಿದೆ. ಪಾರಿವಾಳಗಳಿಗಾದರೆ ನಾನು ನಷ್ಟ ಕಟ್ಟಿಕೊಳ್ಳಬೇಕು, ಹುಡುಗಿಯರು ಭತ್ತ ತಿನ್ನುವುದಿಲ್ಲವಲ್ಲ.

ಕಂಬ ಮಾಡಿಕೊಟ್ಟವನು ಹರಿಹರದ ವೆಲ್ಡರ್ ಜಮಾಲ್ ಸಾಬ್. ಹತ್ತಡಿ ಪೈಪು, ಮೇಲೊಂದು ಕಬ್ಬಿಣದ ಬಳೆ, ಅಷ್ಟೇ ಸಾಕು ಎಂದು ನಾವು ಹೇಳಿದ್ದೆವು. ತಂದು ನಿಲ್ಲಿಸಿದಾಗ ನೋಡಿದರೆ ಎರಡೂ ಬಳೆಗಳ ಹಿಂದೆ ತಗಡಿನ ಬೋರ್ಡು, ಅದಕ್ಕೆ ನೀಲಿ ಬಣ್ಣ, ಸುತ್ತ ಬಿಳಿ ಅಂಚು. "ಬೋರ್ಡ್ ಹೇಳಾಕೆ ಮರೆತಿದ್ರಿ ಸಾಹುಕಾರ್ರೆ. ನಾನೇ ನೆನಪು ಮಾಡ್ಕೊಂಡು ಹಾಕೀನಿ. ಇದಕ್ಕೆ ಬ್ಯಾರೆ ದುಡ್ಡು ಬ್ಯಾಡ, ಹೆಣ್ಮಕ್ಕಳು ಆಡೋದು," ಎಂದ. ಬೋರ್ಡು ಇದ್ದರೆ ಅದು ಬೇರೆ ಆಟ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ. ರೂಪಶ್ರೀಗೆ ಬಂತು. "ಚಾಚಾ, ಭಾಳ ಚಂದ ಆಗೈತೆ. ಈಗ ಕತ್ತರಿಸಿಬಿಡ್ರಿ." ಜಮಾಲ್ ಸಾಬ್ ಅವಳ ಮುಖ ನೋಡಿದ, ನನ್ನ ಮುಖ ನೋಡಿದ, ಗೊಣಗುತ್ತ ಗ್ಯಾಸ್ ಕಟರ್ ಹಚ್ಚಿದ. ಆ ನೀಲಿ ತಗಡುಗಳು ಈಗ ಅವನ ಗ್ಯಾರೇಜಿನ ಬಾಗಿಲಾಗಿವೆ.

ಕಣವನ್ನು ಎಷ್ಟು ಗುಡಿಸಿದರೂ ನಾಲ್ಕು ಕಾಳು ಉಳಿದೇ ಉಳಿಯುತ್ತವೆ. ಸಿಮೆಂಟಿನ ಮೇಲೆ ಭತ್ತದ ಕಾಳು ಕಾಲಡಿ ಸಿಕ್ಕರೆ ಆನೆಯೂ ಜಾರುತ್ತದೆ. ಹಾರಿ ಚೆಂಡು ಹಿಡಿದು ಕೆಳಗಿಳಿದಾಗ ಇದ್ದಲ್ಲೇ ನಿಲ್ಲಬೇಕಾದ ಆಟ ಅದು. ಹುಡುಗಿಯರು ಬಿದ್ದು, ಮೊಣಕಾಲು ಕೆತ್ತಿಕೊಂಡು, ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಇವಳು ಬಿದ್ದಳು, ಎದ್ದಳು, ಇಡೀ ಅಂಗಾಲನ್ನು ಒತ್ತಿ ಊರುವುದನ್ನು ರೂಢಿ ಮಾಡಿಕೊಂಡಳು. ರಾಜ್ಯ ತಂಡದವರು ಆಮೇಲೆ, ಇಷ್ಟು ಗಟ್ಟಿಯಾಗಿ ಕಾಲೂರುವುದನ್ನು ಎಲ್ಲಿ ಕಲಿತೆ ಎಂದು ಕೇಳಿದರಂತೆ. "ನಮ್ಮ ಮಾಮನ ಮಿಲ್ಲಿನಾಗೆ," ಎಂದರೆ ಅವರಿಗೇನು ತಿಳಿಯಬೇಕು?

ರಾಜ್ಯ ತಂಡದಿಂದ ಇಂಡಿಯಾ ತಂಡಕ್ಕೆ ಹೋದಳು. ಎರಡು ಸಲ ವಿಮಾನ ಹತ್ತಿ ಸಿಂಗಾಪುರ, ಕೊಲಂಬೊ ನೋಡಿ ಬಂದಳು. ಮೊದಲ ಸಲ ಬಂದಾಗ ಊರಿನಲ್ಲಿ ಸನ್ಮಾನದ ಸುಗ್ಗಿ. ಒಂದು ಸಂಘದ ಅಧ್ಯಕ್ಷರು ಅವಳಿಗೆ ಹಾರ ಹಾಕಲು ಕುರ್ಚಿ ತರಿಸಿಕೊಂಡು ಹತ್ತಿದರು. ಇನ್ನೊಂದು ಕಡೆ, "ನಮ್ಮೂರ ವಾಲಿಬಾಲ್ ಕುವರಿ" ಎಂದು ಮೈಕಿನಲ್ಲಿ ಹೊಗಳಿದರು. ಅವಳು ಎದ್ದು, "ಅದು ಬ್ಯಾರೆಯವರಿರಬೇಕು ಸಾರ್, ಕರೀರಿ, ಬಂದ್ಮೇಲೆ ಶುರು ಮಾಡೋಣು," ಎಂದು ಕೂತಳು.

ಇಪ್ಪತ್ತೈದಕ್ಕೆ ಮದುವೆಯ ಮಾತು ಬಂತು. ದಾವಣಗೆರೆ ಚೌಕಿಪೇಟೆಯಲ್ಲಿ ಹೋಲ್‌ಸೇಲ್ ಬಟ್ಟೆ ಅಂಗಡಿ ಇಟ್ಟಿರುವ ವಾಮದೇವಪ್ಪನವರ ಒಬ್ಬನೇ ಮಗ ಕೊಟ್ರೇಶ್. ಮನೆ ನಿಜಲಿಂಗಪ್ಪ ಬಡಾವಣೆಯಲ್ಲಿ. ಹುಡುಗ ಅವಳಿಗಿಂತ ಎರಡು ಅಂಗುಲ ಗಿಡ್ಡ. ಅದನ್ನು ಅವನೇ ಮೊದಲು ಎತ್ತಿದ: "ಅಂಗಡಿ ಮೇಲಿನ ಅಟ್ಟದಿಂದ ಬಟ್ಟೆ ಥಾನು ಇಳಿಸಾಕೆ ನನಗೆ ಸ್ಟೂಲ್ ಬೇಕು. ಇವರು ಬಂದ್ರೆ ಸ್ಟೂಲ್ ಉಳೀತೈತೆ." ರೂಪಶ್ರೀ ನಕ್ಕಳು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಮೇಲೆ ಎಲ್ಲರ ಎದುರಿಗೆ ಹೇಳಿದಳು: "ನಾನು ಆಡೋದು ಬಿಡಲ್ರಿ. ಇದು ಈಗ್ಲೇ ಹೇಳ್ಬೇಕು."

"ಆಡ್ಲಿ ಬಿಡ್ರಿ, ನಮ್ಮ ಮನೆ ಹೆಸರೂ ಪೇಪರ್‌ನಾಗೆ ಬರ್ತೈತೆ," ಎಂದರು ವಾಮದೇವಪ್ಪ. ಅವರ ಹೆಂಡತಿ ಕಸ್ತೂರಮ್ಮ ಮಾತ್ರ ಇನ್ನೊಂದು ಚಮಚ ಉಪ್ಪಿಟ್ಟು ಹಾಕಿಸಿಕೊಂಡರು. ಚೌಕಾಸಿ ಮಾಡದ ಗಿರಾಕಿಗೆ ಹೆದರಬೇಕು ಎಂದು ನಮ್ಮ ಕಡೆ ತಿಳಿದವರು ಹೇಳುತ್ತಾರೆ.

ಮದುವೆಯ ವರ್ಷ ಅವಳಿಗೆ ಒಂದು ಟೂರ್ನಿ ತಪ್ಪಿತು. ಮರುವರ್ಷ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಅವಳು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ ಬಸ್ಸು ಹತ್ತಿ ಹರಿಹರಕ್ಕೆ, ನನ್ನ ಕಣಕ್ಕೆ ಬರುತ್ತಿದ್ದಳು. ಆಶಾ ಟೀಚರ್ ತಯಾರು ಮಾಡುತ್ತಿದ್ದ ಹೊಸ ಹುಡುಗಿಯರ ಜೊತೆ ಹಾರುತ್ತಿದ್ದಳು. ಅತ್ತೆಯ ಮನೆಯಲ್ಲೂ ಅವಳದು ಅಂಕಣದ ಆಟವೇ. ದನಿ ಏರಿಸುತ್ತಿರಲಿಲ್ಲ, ಮೈಮೇಲೆ ಬೀಳುತ್ತಿರಲಿಲ್ಲ. ಮೂರಡಿ ದೂರ ನಿಂತು ಕೈ ಎತ್ತಿಬಿಡುತ್ತಿದ್ದಳು.

"ಎಲ್ಲಿಗವ್ವಾ ಹೊಂಟಿ?" ಎನ್ನುತ್ತಿದ್ದರು ಕಸ್ತೂರಮ್ಮ.

"ಹರಿಹರಕ್ಕೆ ಅತ್ತೆ, ಪ್ರಾಕ್ಟೀಸಿಗೆ."

"ಮಳೆ ಬರಂಗೈತೆ."

"ಬಂದ್ರೆ ನೆನೀತೀನ್ರಿ."

"ಮದುವಿ ಆಗಿ ಎರಡು ವರ್ಷ ಆತು. ನಾಕು ಮಂದಿ ಕೇಳ್ತಾರೆ."

"ನನ್ನ ನಂಬರ್ ಕೊಡ್ರಿ ಅತ್ತೆ, ನಾನೇ ಹೇಳ್ತೀನಿ."

ಹೀಗಿರುವಾಗ ಇಂಡಿಯಾ ತಂಡದ ಕೋಚ್‌ನಿಂದ ಫೋನ್ ಬಂತು. ಏಷ್ಯಾ ಟೂರ್ನಿಗೆ ಬೆಂಗಳೂರಿನಲ್ಲಿ ಆಯ್ಕೆ ಕ್ಯಾಂಪು. ಸೋಮವಾರ ಸಂಜೆ ಆರರೊಳಗೆ ಹಾಜರಿರಬೇಕು. ಬಾರದವರ ಜಾಗಕ್ಕೆ ಕಾಯುತ್ತಿರುವ ಎಳೆಯ ಹುಡುಗಿಯರಿದ್ದಾರೆ. ಅವಳಿಗಾಗಲೇ ಇಪ್ಪತ್ತೇಳು. ಈ ಸಲ ತಪ್ಪಿದರೆ ಮುಂದೆ ಯಾರೂ ಕರೆಯುವುದಿಲ್ಲ ಎನ್ನುವುದು ಅವಳಿಗೂ ಗೊತ್ತು, ನಮಗೂ ಗೊತ್ತು. ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದಳಂತೆ. ಕಸ್ತೂರಮ್ಮ ಬೇಡ ಎನ್ನಲಿಲ್ಲ. ಅವರು ಮಾಡಿದ್ದೇ ಬೇರೆ. ಇಂಥ ಚಾಲಾಕಿ ವ್ಯಾಪಾರವನ್ನು ನಾನು ಎ.ಪಿ.ಎಂ.ಸಿ.ಯಲ್ಲೂ ಕಂಡಿಲ್ಲ.

ಸೊಸೆಗೆ ವಿದಾಯದ ಸನ್ಮಾನ ಇಟ್ಟರು!

ಅವರು ತಮ್ಮ ಮಹಿಳಾ ಸಂಘದ ಅಧ್ಯಕ್ಷೆ. "ನಮ್ಮ ಸೊಸಿ ದೇಶಕ್ಕಾಗಿ ಆಡಿದ್ದು ಸಾಕು ಅಂತ ಮಾಡ್ಯಾಳೆ. ಮರ್ಯಾದಿಯಿಂದ ಮುಗಿಸೋಣು. ಶಾಲು ಹೊದಿಸಿ, ಉಡಿ ತುಂಬೋಣು," ಎಂದು ಎಲ್ಲರಿಗೂ ತಾವೇ ಫೋನ್ ಮಾಡಿದರು. ಬಡಾವಣೆಯ ಸಮುದಾಯ ಭವನ ಗೊತ್ತಾಯಿತು. ದಿನ ಸೋಮವಾರ, ಶಿವನ ವಾರ, ಯಾರೂ ಕೊಂಕು ತೆಗೆಯುವಂತಿಲ್ಲ. ಬೆಳಿಗ್ಗೆ ಹತ್ತೂವರೆಗೆ ಕಾರ್ಯಕ್ರಮ, ಆಮೇಲೆ ಇನ್ನೂರು ಜನಕ್ಕೆ ಊಟ. ಮುತ್ತೈದೆಯರು ಉಡಿ ತುಂಬಲು ಬಂದರೆ ಒಲ್ಲೆ ಎನ್ನುವ ಹೆಣ್ಣು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಇನ್ನೂರು ಜನರ ಎದುರು ಶಾಲು ಹೊದ್ದು ಆಟ ಮುಗಿಸಿದವಳು ಮರುದಿನ ಮತ್ತೆ ಚೆಂಡು ಹಿಡಿದರೆ ಊರು ನಗುತ್ತದೆ. ಬೇಲಿ ಎರಡೂ ಕಡೆಯಿಂದ ಬಿಗಿಯಾಗಿತ್ತು.

ನಾನು ಅವಳಿಗೆ ಫೋನ್ ಮಾಡಿದೆ. "ಏನವ್ವಾ ಇದು? ಹೋಗ್ತೀಯೋ, ಇಲ್ಲೋ?"

"ಸನ್ಮಾನಕ್ಕಾ? ಹೋಗ್ಲೇಬೇಕಲ್ಲ ಮಾಮ, ನಂದೇ ಐತೆ."

"ಅದಲ್ಲ, ಕ್ಯಾಂಪಿಗೆ!"

"ನೀವು ಹತ್ತೂವರೆಗೆ ಬರ್ರಿ. ಮುಂದಿನ ಸಾಲಿನಾಗೆ ಕೂಡ್ರಿ," ಎಂದು ಫೋನ್ ಇಟ್ಟಳು.

ಸೋಮವಾರ ಹೋದೆ. ಭವನದ ಮುಂದೆ ದೊಡ್ಡ ಫ್ಲೆಕ್ಸು: "ಕ್ರೀಡಾ ಜೀವನಕ್ಕೆ ಹೃತ್ಪೂರ್ವಕ ವಿದಾಯ." ಅವಳ ಫೋಟೋದ ಪಕ್ಕದಲ್ಲಿ ಬೋರ್ಡಿರುವ ಬಳೆಗೆ ಚೆಂಡು ಹಾಕುತ್ತಿರುವ ಯಾವುದೋ ದೇಶದ ಗಂಡಸು. ವ್ಯಾಪಾರಿಯ ಕಣ್ಣು ಗೋಡೌನಿಗಿಂತ ಮೊದಲು ಲಾರಿಯನ್ನು ನೋಡುತ್ತದೆ. ಅಂಗಳದಲ್ಲಿದ್ದ ಕಾರುಗಳೆಲ್ಲ ಭವನಕ್ಕೆ ಮುಖ ಮಾಡಿ ನಿಂತಿದ್ದವು. ಕೊಟ್ರೇಶನದೊಂದು ಗೇಟಿಗೆ ಮುಖ ಮಾಡಿತ್ತು. ಅವನು ಅದರ ಪಕ್ಕದಲ್ಲಿ, ಬಿಸಿಲಲ್ಲಿ, ಏನೂ ಗೊತ್ತಿಲ್ಲದವನ ಹಾಗೆ ನಿಂತಿದ್ದ. "ಒಳಗೆ ಬರಲ್ವೇನಪ್ಪ?" ಎಂದೆ. "ಇಲ್ಲೇ ಗಾಳಿ ಚೊಲೊ ಐತೆ ಮಾಮ," ಎಂದ. ಒಂದೆಲೆಯೂ ಅಲುಗಾಡುತ್ತಿರಲಿಲ್ಲ.

ವೇದಿಕೆಯ ಮೇಲೆ ರೂಪಶ್ರೀ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಕೂತರೂ ಪಕ್ಕದಲ್ಲಿ ನಿಂತವರಷ್ಟು ಎತ್ತರ. ಭಾಷಣಗಳು ಶುರುವಾದವು. ಎಲ್ಲವೂ ಭೂತಕಾಲದಲ್ಲಿ: ಆಡುತ್ತಿದ್ದರು, ಗೆಲ್ಲುತ್ತಿದ್ದರು, ಕೀರ್ತಿ ತಂದಿದ್ದರು. ಬದುಕಿರುವವಳ ಎದುರೇ ಶ್ರದ್ಧಾಂಜಲಿ ಓದಿದ ಹಾಗೆ. ಮುಖ್ಯ ಅತಿಥಿಗಳು ಮೈಕು ಹಿಡಿದು ಹೆಣ್ಣಿನ ನಿಜವಾದ ಗೋಲು ಸಂಸಾರ ಎಂದು ವಿವರಿಸತೊಡಗಿದರು. ಹನ್ನೆರಡು ದಾಟಿತು. ಹನ್ನೆರಡೂವರೆಗೆ ಹೊರಡದಿದ್ದರೆ ಆರಕ್ಕೆ ಬೆಂಗಳೂರು ಸೇರುವುದು ಸುಳ್ಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವಳು ಮಾತ್ರ ಅತಿಥಿಗಳ ಬಾಯನ್ನೇ ನೋಡುತ್ತ ಆರಾಮಾಗಿ ಕೂತಿದ್ದಳು, ಚೆಂಡು ಇನ್ನೂ ಎದುರಾಳಿಯ ಕೈಯಲ್ಲಿದೆ ಎನ್ನುವ ಹಾಗೆ.

ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಮುತ್ತೈದೆಯರು ಸಾಲಾಗಿ ಬಂದು ಸೆರಗಿಗೆ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಅರಿಶಿನದ ಬೇರು, ಎಲೆ ಅಡಿಕೆ, ಕುಪ್ಪಸದ ಖಣ. ಎಲ್ಲವನ್ನೂ ತಲೆಬಾಗಿ ತುಂಬಿಸಿಕೊಂಡಳು. ಕೊನೆಗೆ ಕಸ್ತೂರಮ್ಮನವರೇ ತುಂಬಿದರು. ಅವರ ಮುಖದಲ್ಲಿ ಪೂರ್ತಿ ಗೆದ್ದ ಸಮಾಧಾನ. ರೂಪಶ್ರೀ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಎದ್ದು ಮೈಕಿನ ಹತ್ತಿರ ಹೋದಳು. ಮೈಕು ಅವಳ ಎದೆಯ ಮಟ್ಟಕ್ಕಿತ್ತು. ಅದನ್ನು ಎತ್ತಿ ತನ್ನ ಅಳತೆಗೆ ತಂದುಕೊಂಡಳು.

"ಎಲ್ಲಾರಿಗೂ ಶರಣು. ನನಗೆ ಭಾಷಣ ಬರಲ್ಲ. ಒಂದು ಮಾತು ಕೇಳ್ತೀನಿ, ಹಿರೇರು ಹೇಳ್ರಿ. ಮಗಳು ತವರಿಂದ ಹೊರಡುವಾಗ ನಮ್ಮ ಕಡೆ ಏನು ಮಾಡ್ತಾರೆ?"

ಮುಂದಿನ ಸಾಲಿನಲ್ಲಿ ಕೊಂಡಜ್ಜಿ ಊರಿನ ತಿಮ್ಮವ್ವ ಕೂತಿದ್ದಳು. ವಾಮದೇವಪ್ಪನವರ ಮನೆಗೆ ಎಷ್ಟೋ ವರ್ಷ ಹಾಲು ಹಾಕಿದ ಮುದುಕಿ, ಊಟಕ್ಕೆಂದು ಬಂದವಳು. "ಉಡಿ ತುಂಬ್ತಾರೆ, ಇನ್ನೇನ್ ಮಾಡ್ತಾರೆ?" ಎಂದಳು ಗಟ್ಟಿಯಾಗಿ.

"ತುಂಬಿ ಏನಂತಾರೆ ಅಜ್ಜಿ?"

"ಹೋಗಿ ಬಾ ಅಂತಾರೆ."

"ಹೌದಲ್ಲ? ನಾನು ಇವತ್ತು ಬೆಂಗಳೂರಿಗೆ ಕ್ಯಾಂಪಿಗೆ ಹೊಂಟೀನಿ. ಏಷ್ಯಾ ಟೂರ್ನಿಗೆ ಆಯ್ಕೆ ಐತೆ. ಆಟ ಬಿಟ್ಟೀನಿ ಅಂತ ನಾನು ಯಾರಿಗೂ ಹೇಳಿಲ್ಲ. ಹೊರಗಿನ ಫ್ಲೆಕ್ಸ್ ಹೇಳೈತೆ, ಅದಕ್ಕೆ ಆಡಾಕೆ ಬರಲ್ಲ, ಬಿಟ್ರೂ ನಡೀತೈತೆ. ನನ್ನ ಕಳಿಸಾಕೆ ಅಂತ ನಮ್ಮ ಅತ್ತೆಯೋರು ಇಷ್ಟು ದೊಡ್ಡ ಕಾರ್ಯಕ್ರಮ ಮಾಡ್ಯಾರೆ."

ಹಿಂದಿನ ಸಾಲಿನಿಂದ ಯಾರೋ, "ಬಸುರಿಗೂ ಉಡಿ ತುಂಬ್ತಾರವ್ವಾ!" ಎಂದು ಕೂಗಿದರು. ಕೆಲವರು ನಕ್ಕರು.

"ತುಂಬ್ತಾರ್ರಿ. ನಾನು ಬಸುರಿ ಅಲ್ಲ, ಹೊಂಟೋಳು," ಎಂದಳು. ನಗುತ್ತಿದ್ದವರ ಕಡೆ ತಿರುಗಿಯೂ ನೋಡಲಿಲ್ಲ. "ಉಡಿ ತುಂಬಿದ ಹೆಣ್ಮಗಳನ್ನ ಬಾಗಿಲಾಗೆ ತಡೆದ್ರೆ ಒಳ್ಳೇದಲ್ಲ ಅಂತ ನಮ್ಮ ಅತ್ತೆನೇ ಹೇಳಿಕೊಟ್ಟಾರೆ. ಬರ್ತೀನಿ."

ವೇದಿಕೆ ಇಳಿದಳು. ತಿಮ್ಮವ್ವ ಕೈ ಎತ್ತಿ, "ಹೋಗಿ ಬಾರವ್ವಾ," ಎಂದಳು. ಪಕ್ಕದವಳೂ ಅಂದಳು. ಆಮೇಲೆ ಇಡೀ ಭವನ. ಯಾರೂ ಯೋಚಿಸಿ ಹೇಳಿದ್ದಲ್ಲ. ತುಂಬಿದ ಉಡಿ ಬಾಗಿಲ ಕಡೆ ನಡೆಯುತ್ತಿದ್ದರೆ ನಮ್ಮ ಹೆಂಗಸರ ನಾಲಿಗೆ ತಾನಾಗಿ ಆ ಮಾತಾಡುತ್ತದೆ. ಹೊರಟವಳಿಗೆ ಬೇರೆ ಮಾತು ಅವರು ಕಲಿತೇ ಇಲ್ಲ. ಮುಖ್ಯ ಅತಿಥಿಗಳೂ ಗುಂಪಿನಲ್ಲಿ ಗೋವಿಂದ ಎಂದಂತೆ ಹೋಗಿ ಬಾ ಎಂದುಬಿಟ್ಟರು.

ಕಸ್ತೂರಮ್ಮ ಮಾತ್ರ ಬಾಯಿ ತೆರೆಯಲಿಲ್ಲ. ರೂಪಶ್ರೀ ಬಾಗಿ ಅವರ ಕಾಲು ಮುಟ್ಟಿದಳು. ಅವರು ಗೋಡೆ ನೋಡಿದರು. ಅವಳು ಸ್ವಲ್ಪ ಹೊತ್ತು ಹಾಗೇ ನಿಂತಳು. ಆ ಒಂದು ಮಾತು ಬೇಕಿತ್ತು ಅವಳಿಗೆ, ನನಗೆ ಕಂಡಿತು. ಬರಲಿಲ್ಲ. ಸರಿ ಎನ್ನುವಂತೆ ತಲೆಯಾಡಿಸಿ ಹೊರಗೆ ನಡೆದಳು. ಕೊಟ್ರೇಶ್ ಕಾರಿನ ಬಾಗಿಲು ತೆಗೆದು ಹಿಡಿದಿದ್ದ. ಹಿಂದಿನ ಸೀಟಿನಲ್ಲಿ ಅವಳ ಬ್ಯಾಗು, ಎರಡು ಜೊತೆ ಬೂಟು. ಹಾರವನ್ನು ತೆಗೆದು ಫ್ಲೆಕ್ಸಿನ ಮೂಲೆಗೆ ಸಿಕ್ಕಿಸಿ ಕಾರು ಹತ್ತಿದಳು.

ಕಸ್ತೂರಮ್ಮ ನನ್ನ ಕಡೆ ತಿರುಗಿದರು. "ಬೀಗರೇ, ಇದು ನೀವು ಹೇಳಿಕೊಟ್ಟಿದ್ದಾ?"

"ನನಗೆ ಇಷ್ಟು ಬುದ್ಧಿ ಇದ್ದಿದ್ರೆ ಇನ್ನೂ ಭತ್ತ ಮಾರ್ಕೊಂಡು ಕೂರ್ತಿದ್ನೇನ್ರಿ ಅಕ್ಕಾರೆ?" ಎಂದೆ. ವಾಮದೇವಪ್ಪ ಕೆಮ್ಮಿ, "ಊಟ ಆರ್ತೈತೆ, ಏಳ್ರಿ," ಎಂದರು. ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಅವಳು ಆರಕ್ಕೆ ಮುಂಚೆಯೇ ಸೇರಿದಳು. ಕ್ಯಾಂಪಿನಲ್ಲಿ ಹತ್ತೊಂಬತ್ತು ವರ್ಷದವರ ಜೊತೆ ಹಾರಿ, ಹನ್ನೆರಡು ಮಂದಿಯ ತಂಡದಲ್ಲಿ ಉಳಿದಳು. ಟೂರ್ನಿಯಲ್ಲಿ ನಮ್ಮವರು ಪದಕ ತರಲಿಲ್ಲ, ಆರನೇ ಸ್ಥಾನ. ಕೊನೆಯ ಪಂದ್ಯವನ್ನು ನಾನು ಮಿಲ್ಲಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿದೆ. ಆರೂಕಾಲು ಅಡಿಯ ಒಬ್ಬಳು ಬಳೆಯ ಕೆಳಗೆ ನಿಂತು ಚೆಂಡಿಗೆ ಕಾಯುತ್ತಿದ್ದಳು. ನಮ್ಮವಳು ಅವಳ ಮುಂದೆ, ಹಿಂದೆ, ಪಕ್ಕಕ್ಕೆ, ನೆರಳಿನ ಹಾಗೆ. ಚೆಂಡು ಬಂದಾಗಲೆಲ್ಲ ನಮ್ಮವಳ ಕೈಯೇ ಮೊದಲು ಮೇಲಿರುತ್ತಿತ್ತು. ಆ ಆರೂಕಾಲು ಅಡಿಯವಳು ಕೊನೆಗೆ ಸಿಟ್ಟಿನಿಂದ ನೆಲಕ್ಕೆ ಕಾಲು ಅಪ್ಪಳಿಸಿದ್ದನ್ನು ನಾನು ಮೂರು ಸಲ ಹಿಂದೆ ಹೋಗಿ ನೋಡಿದೆ.

ಊರಿಗೆ ಬಂದಮೇಲೆ ಕಸ್ತೂರಮ್ಮ ತಿಂಗಳುಗಟ್ಟಲೆ ಅವಳ ಹತ್ತಿರ ಬೇಕಾದಷ್ಟೇ ಮಾತಾಡಿದರು. ಮಹಿಳಾ ಸಂಘದ ಒಬ್ಬರು ಮನೆಗೆ ಬಂದು, "ಅಷ್ಟು ಹಾರಾಡಿ ಹೋಗಿ, ಆರನೇ ಸ್ಥಾನನಾ?" ಎಂದು ಮೂಗು ಮುರಿದಾಗ ಮಾತ್ರ, "ನಿಮ್ಮ ಸೊಸಿ ಏಷ್ಯಾದಾಗೆ ಎಷ್ಟನೇಯಾಕಿ?" ಎಂದರಂತೆ. ಬಂದವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಹಾಗೆಂದು ಅತ್ತೆ ಸೋತರು ಎಂದು ಯಾರೂ ತಿಳಿಯಬೇಡಿ. ಸೊಸೆಯ ಎದುರು ಆ ಮಾತನ್ನು ಅವರು ಆಡಿಲ್ಲ, ಆಡುವವರೂ ಅಲ್ಲ.

ಮೊನ್ನೆ ನಾನು ಅವರ ಮನೆಗೆ ಹೋಗಿದ್ದೆ. ಕಸ್ತೂರಮ್ಮ ಪಡಸಾಲೆಯಲ್ಲಿ ಕೂತು ಸಬ್ಬಕ್ಕಿ ಆರಿಸುತ್ತಿದ್ದರು. ರೂಪಶ್ರೀ ನನಗೆ ಚಹಾ ತಂದುಕೊಟ್ಟು, ಅಲ್ಲೇ ನಿಂತು ಹೇಳಿದಳು:

"ಅತ್ತೆ, ಗುರುವಾರ ಮತ್ತೆ ಕ್ಯಾಂಪೈತೆ. ಹೋಗ್ತೀನಿ."

"ಕೇಳಾಕೆ ಹತ್ತೀಯೋ, ಹೇಳಾಕೆ ಹತ್ತೀಯೋ?" ಎಂದರು ಅವರು ತಲೆ ಎತ್ತದೆ.

"ಹೇಳಾಕೆ ಹತ್ತೀನ್ರಿ."

ಕಸ್ತೂರಮ್ಮ ಇನ್ನೊಂದು ಹಿಡಿ ಸಬ್ಬಕ್ಕಿಯನ್ನು ಮೊರಕ್ಕೆ ಸುರಿದುಕೊಂಡರು. ಬೇಡ ಎನ್ನಲಿಲ್ಲ. "ಸಂಡಿಗೆ ಹಾಕೋದು ಹಂಗೇ ಬಿದ್ದೈತೆ. ಬುಧವಾರ ಬಿಸಿಲು ಚೊಲೊ ಇರ್ತೈತಂತೆ. ಅದನ್ನ ಹಾಕಿ ಎಲ್ಲಿಗಾರ ಹೋಗು," ಎಂದರು.

ಇಷ್ಟಕ್ಕೆ ವ್ಯಾಪಾರ ಕುದುರಿತು, ಒಪ್ಪಿಕೋ ಮಾರಾಯ್ತಿ, ಎಂದು ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ನೋಡಿದಳು. ನೋಡಿಯೂ ಖಾಲಿ ಲೋಟ ಎತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದಳು.

"ಬುಧವಾರ ಪ್ರಾಕ್ಟೀಸೈತ್ರಿ ಅತ್ತೆ."